ಕಾಮಿಕ್-ಕಾನ್‌ಗೆ ಮೊದಲ ಸಲ ಹೊರಟವರಿಗೆ: ಸ್ಯಾನ್ ಡಿಯಾಗೋದ ಸಾಲುಗಳ ನಡುವೆ

ಹೊರಡುವ ಮುಂಚೆ

ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ಅಂದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜುಲೈ ತಿಂಗಳಲ್ಲಿ ನಡೆಯುವ, ಕಾಮಿಕ್ಸ್, ಸಿನಿಮಾ, ಟಿವಿ ಅಭಿಮಾನಿಗಳ ನಾಲ್ಕು ದಿನದ ಜಾತ್ರೆ. ಅದಕ್ಕೆ ಗೇಟಿನಲ್ಲಿ ಟಿಕೆಟ್ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕಾಮಿಕ್ ಕಾನ್ ನೋಡಿದವರು ಇಲ್ಲೂ ಹಾಗೇ ಇರುತ್ತೆ ಅಂದುಕೊಳ್ಳುತ್ತಾರೆ. ಹೆಸರು ಒಂದೇ ಥರ ಇದೆ ಅಷ್ಟೆ, ನಡೆಸುವವರೇ ಬೇರೆ. ಇಲ್ಲಿ ಬ್ಯಾಡ್ಜ್ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಆ ಬ್ಯಾಡ್ಜ್ ತಿಂಗಳುಗಟ್ಟಲೆ ಮೊದಲೇ ಆನ್‌ಲೈನಿನಲ್ಲಿ ಖಾಲಿಯಾಗಿರುತ್ತದೆ.

ಮೊದಲು ಅವರ ವೆಬ್‌ಸೈಟಿನಲ್ಲಿ ಮೆಂಬರ್ ಐಡಿ ಮಾಡಿಸಿಕೊಳ್ಳಬೇಕು. ಮಾರಾಟದ ದಿನ ಬೆಳಿಗ್ಗೆ ಆನ್‌ಲೈನ್ ವೇಟಿಂಗ್ ರೂಮಿನಲ್ಲಿ ಕಾಯಬೇಕು. ಮೊದಲು ಬಂದವರಿಗೆ ಮೊದಲು ಅನ್ನುವ ಲೆಕ್ಕ ಇಲ್ಲ. ಕಂಪ್ಯೂಟರ್ ಯಾರನ್ನು ಎತ್ತುತ್ತದೋ ಅವರು ಒಳಗೆ. ಒಬ್ಬರಿಗೆ ಬಾಗಿಲು ತೆರೆದರೆ ಅವರು ತಮ್ಮ ಜೊತೆ ಇನ್ನಿಬ್ಬರಿಗೂ ಕೊಳ್ಳಬಹುದು. ಹಾಗಾಗಿ ಮನೆಯವರು, ಗೆಳೆಯರು ಎಲ್ಲ ಐಡಿ ಮಾಡಿಸಿಕೊಂಡು ಒಟ್ಟಿಗೇ ಕಾಯುವುದು ಜಾಣತನ. ನಮ್ಮಲ್ಲಿ ಬಾಗಿಲು ತೆರೆದದ್ದು ಅಕ್ಕನ ಮಗನಿಗೆ. ಅರ್ವೈನ್‌ನಲ್ಲಿ ಓದುತ್ತಿರುವ ಅವನು ಫೋನ್ ಮಾಡಿ, "ಮಾಮ, ಗುರುವಾರದಿಂದ ಭಾನುವಾರ. ಪ್ರಿವ್ಯೂ ನೈಟ್ ಇಲ್ಲ. ಒತ್ತಿಬಿಡ್ಲಾ?" ಅಂದ. "ಕೇಳ್ತಾ ಕೂತ್ಕೋಬೇಡ, ಒತ್ತು" ಅಂದೆ.

ಭಾರತದಿಂದ ಬರುವವರಿಗೆ ಎರಡು ಮಾತು. ಬ್ಯಾಡ್ಜ್ ಸಿಕ್ಕಿತು ಅಂತ ವೀಸಾ ಬೇಗ ಸಿಗುವುದಿಲ್ಲ, ಅದರ ತಯಾರಿ ಮೊದಲೇ ಇರಲಿ. ಇನ್ನೊಂದು, ಅಮೆರಿಕದ ವಿಳಾಸ ಇರುವವರಿಗೆ ಬ್ಯಾಡ್ಜ್ ಅಂಚೆಯಲ್ಲಿ ಬರುತ್ತದೆ. ಹೊರದೇಶದವರು ಅಲ್ಲೇ ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳಬೇಕು. ನಮ್ಮ ಹೆಸರುಗಳ ಪಾಡು ಗೊತ್ತಲ್ಲ. ಊರಿನ ಇನಿಷಿಯಲ್ಲು, ಅಪ್ಪನ ಇನಿಷಿಯಲ್ಲು, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಐಡಿ ಮಾಡಿಸಿ.

ಹೋಟೆಲಿಗೂ ಹೆಚ್ಚುಕಡಿಮೆ ಲಾಟರಿಯೇ. ಕಾನ್ವೆನ್ಷನ್ ಸೆಂಟರಿನ ಆಸುಪಾಸಿನ ಹೋಟೆಲುಗಳು ಎಲ್ಲರಿಗೂ ಬೇಕು. ನಾವು ಆ ಆಸೆಯನ್ನೇ ಬಿಟ್ಟು ಮಿಷನ್ ವ್ಯಾಲಿಯಲ್ಲಿ ರೂಮು ಹಿಡಿದೆವು. ಟ್ರಾಲಿ ಅಂತ ಕರೆಯುವ ಅಲ್ಲಿನ ಲೈಟ್ ರೈಲಿನ ಗ್ರೀನ್ ಲೈನ್ ಮಿಷನ್ ವ್ಯಾಲಿಯಿಂದ ನೇರ ಕಾನ್ವೆನ್ಷನ್ ಸೆಂಟರಿನ ಎದುರಿಗೇ ಹೋಗುತ್ತದೆ. ಬೇರೆ ರೈಲು ಬದಲಿಸುವ ಗೋಳಿಲ್ಲ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ.

ಬುಧವಾರ

ಲಾಸ್ ಏಂಜಲೀಸಿನಿಂದ ಪೆಸಿಫಿಕ್ ಸರ್ಫ್‌ಲೈನರ್ ರೈಲು ಹಿಡಿದೆ. ಸ್ಯಾನ್ ಡಿಯಾಗೋಗೆ ಸುಮಾರು ಮೂರು ಗಂಟೆ ದಾರಿ. ಕಾರಿನಲ್ಲಿ ಹೋಗಬಹುದು, ಆದರೆ ಕಾನ್ ವಾರದಲ್ಲಿ ಪಾರ್ಕಿಂಗಿಗೆ ಕೇಳುವ ದುಡ್ಡು ನೋಡಿದರೆ ಕಾರು ಮನೆಯಲ್ಲೇ ಇರಲಿ ಅನಿಸುತ್ತದೆ.

ಅಳಿಯ ಅರ್ವೈನ್‌ನಲ್ಲಿ ಹತ್ತಿಕೊಂಡ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಉದ್ದನೆಯ ರಟ್ಟಿನ ಕೊಳವೆ.

"ಏನೋ ಇದು?"

"ಪೋಸ್ಟರ್ ಟ್ಯೂಬ್ ಮಾಮ. ಈಗ ಖಾಲಿ. ಬರುವಾಗ ತುಂಬಿರುತ್ತೆ."

ಆಗ ನಕ್ಕೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತಿದ ಪ್ರಿಂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ರಶ್ಶಿನಲ್ಲಿ ಅವು ಅಪ್ಪಚ್ಚಿಯಾಗುವುದನ್ನು ನೋಡುತ್ತಾ ನಿಂತ ಜನರನ್ನು ಕಂಡೆ. ಅಲ್ಲಿಂದಾಚೆ ಆ ಕೊಳವೆಗೆ ನಾನೂ ಪಾಲುದಾರ.

ಸ್ಯಾನ್ ಕ್ಲೆಮೆಂಟೆ ಹತ್ತಿರ ರೈಲು ಸಮುದ್ರದ ಅಂಚಿನಲ್ಲೇ ಹೋಗುತ್ತದೆ. ಕಿಟಕಿಯ ಒಂದು ಕಡೆ ಅಲೆ, ಇನ್ನೊಂದು ಕಡೆ ಮಣ್ಣಿನ ಗುಡ್ಡ. ಚಂದವೇನೋ ಹೌದು, ಆದರೆ ಆ ಗುಡ್ಡ ಆಗಾಗ ಕುಸಿಯುತ್ತದೆ, ಹಳಿ ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ರೈಲು ಪೂರ್ತಿ ಓಡುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಸಾಂಟಾ ಫೆ ಡಿಪೋದಲ್ಲಿ ಇಳಿದೆವು. ಟ್ರಾಲಿ ನಿಲ್ದಾಣ ಅಲ್ಲೇ ಪಕ್ಕದಲ್ಲಿ. ರೂಮಿಗೆ ಹೋಗಿ ಸಾಮಾನು ಇಟ್ಟು ಸಂಜೆ ಪೇಟೆಗೆ ವಾಪಸ್ ಬಂದೆವು. ಬುಧವಾರ ರಾತ್ರಿಯ ಪ್ರಿವ್ಯೂ ನೈಟ್, ಅಂದರೆ ಕಾನ್ ಶುರುವಾಗುವ ಮುಂಚೆಯೇ ಹಾಲ್ ನೋಡುವ ಅವಕಾಶ, ಇರುವುದು ನಾಲ್ಕೂ ದಿನದ ಬ್ಯಾಡ್ಜಿನ ಜೊತೆ ಅದನ್ನೂ ಕೊಂಡವರಿಗೆ. ನಮಗೆ ಇಲ್ಲ. ಆದರೆ ಕಾನ್ವೆನ್ಷನ್ ಸೆಂಟರಿನ ಎದುರಿಗಿರುವ ಗ್ಯಾಸ್‌ಲ್ಯಾಂಪ್ ಕ್ವಾರ್ಟರ್‌ನಲ್ಲಿ ಓಡಾಡಲು ಯಾವ ಬ್ಯಾಡ್ಜೂ ಬೇಡ. ಹೋಟೆಲುಗಳ ಗೋಡೆಗೆ ಹತ್ತಿಪ್ಪತ್ತು ಅಂತಸ್ತಿನ ಎತ್ತರಕ್ಕೆ ಜಾಹೀರಾತು ಅಂಟಿಸಿರುತ್ತಾರೆ. ಸಿನಿಮಾ, ಟಿವಿ ಕಂಪನಿಗಳು ಬಯಲಿನಲ್ಲಿ ಸೆಟ್ ಹಾಕಿ ಜನರನ್ನು ಒಳಗೆ ಕರೆಯುತ್ತವೆ. ಇವಕ್ಕೆ ಆಫ್‌ಸೈಟ್ ಅನ್ನುತ್ತಾರೆ. ಬಹಳಷ್ಟಕ್ಕೆ ದುಡ್ಡೂ ಇಲ್ಲ, ಬ್ಯಾಡ್ಜೂ ಇಲ್ಲ. ಕೆಲವಕ್ಕೆ ಆನ್‌ಲೈನಿನಲ್ಲಿ ಮೊದಲೇ ಸಮಯ ಕಾದಿರಿಸಬೇಕು. ಬ್ಯಾಡ್ಜ್ ಸಿಗದವರೂ ಇದಕ್ಕಾಗಿಯೇ ಊರಿಗೆ ಬರುತ್ತಾರೆ, ಅದರಲ್ಲಿ ಅರ್ಥವೂ ಇದೆ.

ಆದರೆ ಒಂದು ಎಚ್ಚರಿಕೆ. ಪುಕ್ಕಟೆ ಅಂದ ಕೂಡಲೇ ಕ್ಯೂ ನಿಲ್ಲಬೇಡಿ. ಒಂದು ಕಡೆ ಉದ್ದದ ಸಾಲಿತ್ತು. ಕೊನೆಯಲ್ಲಿದ್ದ ಹುಡುಗಿಯನ್ನು "ಏನು ಕೊಡ್ತಾರೆ ಇಲ್ಲಿ?" ಅಂತ ಕೇಳಿದೆ. "ಗೊತ್ತಿಲ್ಲ, ಸಾಲು ಉದ್ದ ಇದೆಯಲ್ಲ, ಏನೋ ಚೆನ್ನಾಗಿರಬೇಕು" ಅಂದಳು. ಆಮೇಲೆ ನೋಡಿದರೆ ಕೊಡುತ್ತಿದ್ದದ್ದು ಅಂಗಿಗೆ ಚುಚ್ಚುವ ಒಂದು ಪಿನ್ನು.

ಅಳಿಯನನ್ನು ಬ್ರಾಡ್‌ವೇ ರಸ್ತೆಯವರೆಗೆ ನಡೆಸಿಕೊಂಡು ಹೋದೆ. ಯು.ಎಸ್. ಗ್ರ್ಯಾಂಟ್ ಹೋಟೆಲ್ ಅಲ್ಲಿದೆ. 1970ರ ಮಾರ್ಚ್ 21ರಂದು ಒಂದು ದಿನದ ಸಣ್ಣ ಸಭೆ ಅಂತ ಇದು ಶುರುವಾದದ್ದು ಆ ಹೋಟೆಲಿನಲ್ಲಿ. ಅದೇ ಆಗಸ್ಟಿನಲ್ಲಿ ಮೂರು ದಿನದ ಮೊದಲ ಕಾನ್ ಕೂಡ ಅಲ್ಲೇ ನಡೆಯಿತು. ಬಂದವರು ಸುಮಾರು 300 ಜನ. ಈಗ ಬರುವವರು 1,30,000ಕ್ಕೂ ಹೆಚ್ಚು. ಅಳಿಯ ಹೋಟೆಲನ್ನು ಒಂದು ಸಲ ನೋಡಿದ. "ಮುನ್ನೂರು ಜನ ಅಂದ್ರೆ ನಮ್ಮೂರಲ್ಲಿ ನಾಮಕರಣಕ್ಕೂ ಬರ್ತಾರೆ" ಅಂದ.

ಗುರುವಾರ

ಜುಲೈ ತಿಂಗಳಾದರೂ ಸ್ಯಾನ್ ಡಿಯಾಗೋದ ಬೆಳಗು ಮೋಡ ಮುಚ್ಚಿ ತಣ್ಣಗಿರುತ್ತದೆ. ಒಳಗೆ ಏಸಿ ಬೇರೆ. ತೆಳ್ಳನೆಯ ಒಂದು ಜಾಕೆಟ್ ಬ್ಯಾಗಿನಲ್ಲಿ ಇರಲಿ. ನಮ್ಮ ಬ್ಯಾಗಿನಲ್ಲಿ ಇದ್ದದ್ದು ನೀರಿನ ಬಾಟಲಿ, ಪವರ್ ಬ್ಯಾಂಕು, ಚಪಾತಿಗೆ ಚಟ್ನಿಪುಡಿ ಹಚ್ಚಿ ಸುತ್ತಿದ ಸುರುಳಿಗಳು, ಸ್ಯಾನಿಟೈಸರು. ಒಳಗಿನ ಊಟ ದುಬಾರಿ, ರುಚಿ ಅಷ್ಟಕ್ಕಷ್ಟೆ, ಅದಕ್ಕೂ ಕ್ಯೂ. ಸಸ್ಯಾಹಾರಿಗಳಿಗೆ ಪಿಜ್ಜಾ, ಪ್ರೆಟ್ಜೆಲ್ ಬಿಟ್ಟರೆ ಆಯ್ಕೆ ಕಡಿಮೆ. ಊರಿನ ಮೀರಾ ಮೇಸಾ ಕಡೆ ಇಂಡಿಯನ್ ಅಂಗಡಿಗಳಿವೆ, ಆದರೆ ಅದು ಪೇಟೆಯಿಂದ ದೂರ. ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಉತ್ತಮ.

ಟ್ರಾಲಿ ತುಂಬ ಸ್ಪೈಡರ್‌ಮ್ಯಾನ್‌ಗಳು. ಒಬ್ಬ ಸೀಟು ಬಿಟ್ಟುಕೊಟ್ಟು ಕೂತ್ಕೊಳ್ಳಿ ಅಂದ. ನನಗೆ ಅಷ್ಟು ವಯಸ್ಸಾಗಿದೆಯಾ ಅಂತ ಒಂದು ಕ್ಷಣ ಬೇಜಾರಾಯಿತು, ಆದರೂ ಕೂತೆ.

ಬ್ಯಾಡ್ಜಿನಲ್ಲಿ ಚಿಪ್ ಇರುತ್ತದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕಂಬಕ್ಕೆ ತಾಗಿಸಬೇಕು. ಕಳೆದುಕೊಂಡರೆ ಇನ್ನೊಂದು ಕೊಡುತ್ತಾರೆ ಅನ್ನುವ ನಂಬಿಕೆ ಬೇಡ. ಕೊರಳಲ್ಲಿ ಹಾಕಿಕೊಂಡು ಜಾಕೆಟ್ ಒಳಗೆ ಬಿಟ್ಟುಕೊಳ್ಳಿ.

ಕೆಳಗಿನ ಎಕ್ಸಿಬಿಟ್ ಹಾಲ್ ಒಂದೇ ಉದ್ದನೆಯ ಕೋಣೆ. ಎ ಇಂದ ಜಿ ತನಕ ಹೆಸರು ಕೊಟ್ಟಿದ್ದಾರೆ ಅಷ್ಟೆ, ನಡುವೆ ಗೋಡೆ ಇಲ್ಲ. ಒಂದು ತುದಿಯಲ್ಲಿ ಹಳೇ ಕಾಮಿಕ್ಸ್ ಮಾರುವವರು, ಇನ್ನೊಂದು ತುದಿಯಲ್ಲಿ ಆರ್ಟಿಸ್ಟ್ಸ್ ಆಲಿ, ಅಂದರೆ ಚಿತ್ರಕಾರರ ಮೇಜುಗಳು. ನಡುವೆ ಲೆಗೊ, ಹ್ಯಾಸ್ಬ್ರೋ, ಫಂಕೊದಂಥ ಆಟಿಕೆ ಕಂಪನಿಗಳ, ಸಿನಿಮಾ ಸ್ಟುಡಿಯೋಗಳ ದೊಡ್ಡ ದೊಡ್ಡ ಮಳಿಗೆಗಳು. ಜನ ಸಿಕ್ಕಿಕೊಳ್ಳುವುದು ಈ ನಡುಭಾಗದಲ್ಲಿ. ಕಾರ್ತೀಕ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ನಾವು ನಡೆಯುವುದಿಲ್ಲ, ಜನ ನಮ್ಮನ್ನು ನಡೆಸುತ್ತಾರಲ್ಲ, ಹಾಗೆ. ಈ ತುದಿಯಿಂದ ಆ ತುದಿಗೆ ಹೋಗಬೇಕಾದರೆ ಹಾಲಿನೊಳಗೆ ನುಗ್ಗಬೇಡಿ. ಹೊರಗಿನ ಲಾಬಿಗೆ ಬಂದು ಅಲ್ಲಿಂದ ನಡೆಯಿರಿ, ಅರ್ಧ ಹೊತ್ತಿನಲ್ಲಿ ಮುಟ್ಟುತ್ತೀರಿ.

"ಎಕ್ಸ್‌ಕ್ಲೂಸಿವ್" ಅಂತ ಒಂದು ಜ್ವರ ಇದೆ. ಇಲ್ಲಿ ಮಾತ್ರ ಮಾರುವ ಗೊಂಬೆಗಳು, ಆಟಿಕೆಗಳು. ದೊಡ್ಡ ಕಂಪನಿಗಳ ಮಳಿಗೆಗೆ ಹೋಗಲು ಕೆಲವು ವಾರ ಮೊದಲೇ ಆನ್‌ಲೈನಿನಲ್ಲಿ ಹೆಸರು ಕೊಡಬೇಕು, ಅದೂ ಲಾಟರಿ. ಅದು ಗೊತ್ತಿಲ್ಲದೆ ನೇರ ಬಂದವರು ಮಳಿಗೆಯ ಮುಂದೆ ಪೆಚ್ಚಾಗಿ ನಿಂತಿರುತ್ತಾರೆ. ನಿಮಗೆ ಗೊಂಬೆಯ ಹುಚ್ಚು ಇಲ್ಲದಿದ್ದರೆ ಈ ಗೋಜೇ ಬೇಡ.

ನನಗೆ ಹಿಡಿಸಿದ್ದು ಸ್ಮಾಲ್ ಪ್ರೆಸ್ ಸಾಲುಗಳು. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಸಣ್ಣ ಮೇಜಿನ ಮೇಲೆ ಹರಡಿಕೊಂಡು ಕೂತವರು. ಒಬ್ಬಾಕೆಯ ಮೇಜಿನಲ್ಲಿ ಬೆರಳುದ್ದದ ಪುಸ್ತಕಗಳಿದ್ದವು. ಒಂದು ಹಾಳೆಯನ್ನು ಮಡಚಿ, ನಡುವೆ ಒಂದೇ ಒಂದು ಸೀಳು ಹಾಕಿ ಎಂಟು ಪುಟ ಮಾಡಿದ್ದಳು. ಹೇಗೆ ಅಂತ ಕೇಳಿದ್ದಕ್ಕೆ ಬಿಳಿ ಹಾಳೆ ತೆಗೆದು ನನ್ನೆದುರೇ ಮಡಚಿದಳು. ಉದ್ದಕ್ಕೊಮ್ಮೆ, ಅಡ್ಡಕ್ಕೆರಡು ಸಲ. ಬಿಡಿಸಿ ನಡುಗೆರೆಯಲ್ಲಿ ಕತ್ತರಿ ಆಡಿಸಿ, ಎರಡೂ ತುದಿಯನ್ನು ಒಳಗೆ ತಳ್ಳಿದಳು. ಹಾಳೆ ಮೂಗು ಎತ್ತಿ ಪುಸ್ತಕವಾಯಿತು. ಅದರ ಮೊದಲ ಪುಟದಲ್ಲಿ ಬ್ರಷ್ ಪೆನ್ನಿನಿಂದ ಒಂದು ಬೆಕ್ಕು ಬರೆದು, "ಉಳಿದ ಪುಟ ನಿಮ್ಮದು" ಅಂತ ಕೊಟ್ಟಳು. ದುಡ್ಡು ತಗೊಳ್ಳಲಿಲ್ಲ. ನಾನು ಎರಡು ಪುಸ್ತಕ ಕೊಂಡೆ. ಇಂಥ ಕಡೆ ಚಿಲ್ಲರೆ ನೋಟು ಇಟ್ಟುಕೊಂಡಿರಿ. ಕಾರ್ಡ್ ತಗೊಳ್ಳುತ್ತಾರೆ, ಆದರೆ ಅಷ್ಟು ಜನರ ನಡುವೆ ನೆಟ್‌ವರ್ಕ್ ಕೈಕೊಡುತ್ತದೆ.

ಅದೇ ನೆಟ್‌ವರ್ಕ್ ಕಾರಣಕ್ಕೆ, ಒಟ್ಟಿಗೆ ಹೋದವರು ಬೇರೆಯಾಗುವ ಮುಂಚೆ ಜಾಗ, ಸಮಯ ಎರಡೂ ಗೊತ್ತು ಮಾಡಿಕೊಳ್ಳಿ. ನಾವು ಮೇಲಿನ ಮಹಡಿಯ ಸೇಲ್ಸ್ ಪೆವಿಲಿಯನ್ ಅಂತ ಇಟ್ಟುಕೊಂಡಿದ್ದೆವು. ಹಾಯಿ ಕಟ್ಟಿದಂತೆ ಬಿಳಿ ಚಾವಣಿ ಇದೆ, ಹುಡುಕುವುದು ಸುಲಭ. ನೆಲದ ಮೇಲೆ ಕೂತು ಚಪಾತಿ ತಿಂದರೂ ಯಾರೂ ಏನೂ ಅನ್ನುವುದಿಲ್ಲ.

ಮಧ್ಯಾಹ್ನ ಮೇಲಿನ ಒಂದು ಸಣ್ಣ ಕೋಣೆಗೆ ಸುಮ್ನೆ ಹೊಕ್ಕೆ. ಕ್ಯೂ ಇರಲಿಲ್ಲ. ಕಾಮಿಕ್ಸಿನಲ್ಲಿ ಮಾತಿನ ಬಲೂನು ಬರೆಯುವವರು, ಅಂದರೆ ಲೆಟರರ್‌ಗಳು, ಮಾತಾಡುತ್ತಿದ್ದರು. ಚಿತ್ರ ನೋಡುವವರ ಕಣ್ಣು ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದನ್ನು ಬಲೂನು ಇಡುವ ಜಾಗವೇ ತೀರ್ಮಾನ ಮಾಡುತ್ತದಂತೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲ ದೊಡ್ಡಕ್ಷರ. "ಐ" ಅಕ್ಷರಕ್ಕೆ ಮೇಲೆ ಕೆಳಗೆ ಅಡ್ಡಗೆರೆ ಹಾಕುವುದು "ನಾನು" ಅನ್ನುವ ಅರ್ಥ ಬಂದಾಗ ಮಾತ್ರ; ಬೇರೆ ಪದಗಳ ಒಳಗೆ ಬಂದರೆ ಬರೀ ಕಡ್ಡಿ. ಇಷ್ಟು ವರ್ಷ ಓದಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏಳುತ್ತದೆ, ಅದೇ ಬಲೂನಿಗೆ ಕನ್ನಡ ತುಂಬುವವರ ಪಾಡೇನು ಅಂತ ಯೋಚಿಸುತ್ತಾ ಕೂತೆ. ಪ್ರಶ್ನೆ ಕೇಳುವ ಸಮಯದಲ್ಲಿ ಇದನ್ನೇ ಕೇಳಿದೆ. ವೇದಿಕೆ ಮೇಲಿದ್ದ ಒಬ್ಬರು ನನ್ನ ಕೈಗೆ ಹಾಳೆ ಕೊಟ್ಟು ಬರೆದು ತೋರಿಸಿ ಅಂದರು. "ಕ್ಷ್ಮೀ" ಅಂತ ಬರೆದು ತೋರಿಸಿದೆ. ಅವರು ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ, "ಇದಕ್ಕೆ ನಾನು ಡಬಲ್ ಚಾರ್ಜ್ ಮಾಡ್ತೀನಿ" ಅಂದರು.

ಇಂಥ ಕೋಣೆಗಳು ದಿನವಿಡೀ ಹತ್ತಾರು ನಡೆಯುತ್ತಿರುತ್ತವೆ. ಕಾರ್ಯಕ್ರಮ ಪಟ್ಟಿ ಸುಮಾರು ಎರಡು ವಾರ ಮೊದಲು ಬರುತ್ತದೆ. ಬಂದ ದಿನವೇ ಕೂತು ಗುರುತು ಹಾಕಿ. ಪ್ರತಿ ಹೊತ್ತಿಗೂ ಮೊದಲ ಆಯ್ಕೆ ಒಂದು, ಅದು ತುಂಬಿಹೋದರೆ ಹೋಗಲು ಇನ್ನೊಂದು.

ಶುಕ್ರವಾರ

ಹಾಲ್ ಎಚ್ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಟಿವಿಯಲ್ಲಿ, ಯೂಟ್ಯೂಬಿನಲ್ಲಿ ನೀವು ನೋಡಿರುವ ತಾರೆಯರ ಸಮಾವೇಶ ನಡೆಯುವುದು ಅಲ್ಲಿ. ಸುಮಾರು 6,500 ಜನ ಕೂರಬಹುದು. ಕೇಳಲು ದೊಡ್ಡದು. ಆದರೆ ಬಂದಿರುವವರು ಲಕ್ಷದ ಮೇಲೆ. ಸಾಲದ್ದಕ್ಕೆ ಒಂದು ಕಾರ್ಯಕ್ರಮ ಮುಗಿದ ಮೇಲೆ ಹಾಲ್ ಖಾಲಿ ಮಾಡಿಸುವುದಿಲ್ಲ. ಸಂಜೆಯ ಕಾರ್ಯಕ್ರಮ ಬೇಕಾದವರು ಬೆಳಿಗ್ಗೆಯೇ ಹೊಕ್ಕು ಕೂತುಬಿಡುತ್ತಾರೆ. ಹಾಗಾಗಿ ಹೊರಗಿನ ಸಾಲು ಮುಂದೆ ಹೋಗುವುದೇ ಇಲ್ಲ.

ದೊಡ್ಡ ದಿನಗಳಿಗೆ ಹಿಂದಿನ ಸಂಜೆಯೇ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಪಟ್ಟಿಗೆ ಎ, ಬಿ, ಸಿ ಅಂತ ಗುಂಪು. ಆ ಪಟ್ಟಿಗಾಗಿ ಮಧ್ಯಾಹ್ನದಿಂದ, ಕೆಲವರು ಬೆಳಗಿನಿಂದಲೇ ಸಾಲು ಹಚ್ಚುತ್ತಾರೆ. ಆ ಸಾಲು ಕಟ್ಟಡದ ಹೊರಗೆ, ಸುತ್ತಿ ಬಳಸಿ ಬಂದರಿನ ಪಕ್ಕದ ಪಾರ್ಕಿನ ತನಕ ಹೋಗುತ್ತದೆ. ಪಟ್ಟಿಯ ನಿಯಮ ವರ್ಷವರ್ಷ ಬದಲಾಗುತ್ತಿರುತ್ತದೆ, ಅವರ ವೆಬ್‌ಸೈಟ್ ನೋಡಿಕೊಂಡೇ ಹೋಗಿ.

ನಾನು ಹೋಗುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅಳಿಯ ಬಿಡುತ್ತಾನಾ? ಶನಿವಾರದ ಹಾಲ್ ಎಚ್‌ಗೆ ಅಂತ ಶುಕ್ರವಾರ ಊಟದ ಹೊತ್ತಿಗೇ ಹೋಗಿ ನಿಂತ. ಒಂದು ದಿನ ಪೂರ್ತಿ ಹುಲ್ಲಿನ ಮೇಲೆ ಕೂರುವುದಕ್ಕೆ ಅಷ್ಟು ದುಡ್ಡು ಕೊಟ್ಟು ಬರಬೇಕಾ ಅನ್ನುವುದು ನನ್ನ ವಾದ. "ಮಾಮ, ನೀವು ವೈಕುಂಠ ಏಕಾದಶಿಗೆ ನಿಲ್ತೀರಲ್ಲ" ಅನ್ನುವುದು ಅವನದು.

ನಾಲ್ಕು ಗಂಟೆಗೆ ಚಪಾತಿ, ನೀರು ತಗೊಂಡು ಹೋದೆ. ಅಳಿಯ ಆಗಲೇ ಅಕ್ಕಪಕ್ಕದವರ ಜೊತೆ ಸಂಸಾರ ಹೂಡಿದ್ದ. ಮಡಚುವ ಕುರ್ಚಿ, ಇಸ್ಪೀಟು, ಒಬ್ಬರ ಹತ್ತಿರ ನಾಲ್ಕು ಫೋನಿಗೆ ಆಗುವಷ್ಟು ದೊಡ್ಡ ಚಾರ್ಜರು. ಒಬ್ಬ ಹೋಗಿ ಎಲ್ಲರಿಗೂ ಕಾಫಿ ತರುತ್ತಾನೆ, ಇನ್ನೊಬ್ಬರು ಅವನ ಜಾಗ ಕಾಯುತ್ತಾರೆ. ಒಂಟಿಯಾಗಿ ಬಂದವರೂ ಹೀಗೆ ಗುಂಪು ಸೇರಿಕೊಳ್ಳುತ್ತಾರೆ. ನನ್ನ ಚಟ್ನಿಪುಡಿ ಚಪಾತಿ ಆ ಸಾಲಿನಲ್ಲಿ ಆರು ಜನರ ಕೈ ಸೇರಿತು. ಟೆಕ್ಸಾಸಿನಿಂದ ಬಂದಿದ್ದ ಹೆಂಗಸು ಪುಡಿಯಲ್ಲಿ ಏನೇನು ಹಾಕುತ್ತಾರೆ ಅಂತ ಫೋನಿನಲ್ಲಿ ಬರೆದುಕೊಂಡರು. ಕರಿಬೇವು ಬರೆಸಲು ಹೆಚ್ಚು ಹೊತ್ತು ಹಿಡಿಯಿತು.

ರಾತ್ರಿ ನಾನು ಪಕ್ಕದ ಹಿಲ್ಟನ್ ಬೇಫ್ರಂಟ್ ಹೋಟೆಲಿನ ಕಡೆ ನಡೆದೆ. ಶುಕ್ರವಾರ ರಾತ್ರಿ ಐಸ್ನರ್ ಪ್ರಶಸ್ತಿ ಸಮಾರಂಭ. ಕಾಮಿಕ್ಸ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ ಅನ್ನಬಹುದು. 1988ರಲ್ಲಿ ಶುರುವಾದದ್ದು. ಯಾರ ಹೆಸರಿನಲ್ಲಿ ಈ ಪ್ರಶಸ್ತಿ ಇದೆಯೋ ಆ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ 2005ರ ಆರಂಭದಲ್ಲಿ ತೀರಿಕೊಂಡರು, ಅಲ್ಲಿಯವರೆಗೆ ಅವರೇ ವೇದಿಕೆ ಮೇಲೆ ನಿಂತು ಗೆದ್ದವರನ್ನು ಅಭಿನಂದಿಸುತ್ತಿದ್ದರು. ಮುಂದಿನ ಮೇಜುಗಳು ಪ್ರಶಸ್ತಿಗೆ ಹೆಸರು ಬಂದವರಿಗೆ. ಹಿಂದಿನ ಕುರ್ಚಿಗಳಲ್ಲಿ ಬ್ಯಾಡ್ಜ್ ಇರುವ ಯಾರು ಬೇಕಾದರೂ ಕೂರಬಹುದು. ಹೊರಗೆ ಬಂದರಿನ ಹುಲ್ಲಿನ ಮೇಲೆ ಸಾವಿರಾರು ಜನ ಮಲಗಲು ತಯಾರಾಗುತ್ತಿದ್ದರೆ ಇಲ್ಲಿ ಹಿಂದಿನ ಸಾಲುಗಳಲ್ಲಿ ಕುರ್ಚಿ ಖಾಲಿ. ಕಾಮಿಕ್ಸ್ ಬರೆಯುವವರನ್ನು ಕಾಮಿಕ್-ಕಾನ್‌ನಲ್ಲಿ ನೋಡಲು ಕ್ಯೂ ಬೇಕಿಲ್ಲ ಅನ್ನುವುದು ಸ್ವಲ್ಪ ಬೇಸರದ ಸಂಗತಿಯೇ. ನನಗಂತೂ ಅನುಕೂಲವಾಯಿತು. ಕಾರ್ಯಕ್ರಮ ಉದ್ದ, ಭಾಷಣಗಳು ಕೆಲವು ಸಪ್ಪೆ. ಆದರೆ ಬಣ್ಣ ತುಂಬುವವರಿಗೆ, ಅಕ್ಷರ ಬರೆಯುವವರಿಗೆ ಬೇರೆ ಬೇರೆ ಪ್ರಶಸ್ತಿ ಇದೆ. ಹಿಂದಿನ ದಿನ ಆ ಕೋಣೆಯಲ್ಲಿ ಕೂತು ಬಂದಿದ್ದರಿಂದ ಅಕ್ಷರದ ಪ್ರಶಸ್ತಿ ಬಂದಾಗ ನಾನು ಜೋರಾಗಿ ಚಪ್ಪಾಳೆ ತಟ್ಟಿದೆ.

ಹೊರಗೆ ಬಂದರೆ ದೀಪ ಹಚ್ಚಿಕೊಂಡ ಸೈಕಲ್ ರಿಕ್ಷಾಗಳ ಹಿಂಡು. ಪೆಡಿಕ್ಯಾಬ್ ಅನ್ನುತ್ತಾರೆ. ಹತ್ತುವ ಮುಂಚೆ ರೇಟು ಕೇಳಿ. ತಲೆಗೆಷ್ಟು, ಒಟ್ಟು ಎಷ್ಟು, ಎರಡನ್ನೂ ಕೇಳಿ. ಇಳಿದ ಮೇಲೆ ಕೇಳಿದರೆ ಅವರು ಹೇಳಿದ್ದೇ ರೇಟು. ಕಾನ್ ನಡೆಸುವವರ ಶಟಲ್ ಬಸ್ಸುಗಳು ಹೋಟೆಲುಗಳಿಗೆ ಪುಕ್ಕಟೆ ಓಡಾಡುತ್ತವೆ, ತಡರಾತ್ರಿಯೂ ಸಿಗುತ್ತವೆ. ನಾನು ಅದರಲ್ಲೇ ಬಂದೆ. ಪಟ್ಟಿ ಕಟ್ಟಿಸಿಕೊಂಡ ಅಳಿಯ ನಡುರಾತ್ರಿ ಬಂದ. ಅವನ ಸಾಲಿನ ಗುಂಪು ಸರದಿ ಹಾಕಿಕೊಂಡು ಜಾಗ ಕಾಯುತ್ತಿತ್ತು. ಬೆಳಗಿನ ಜಾವ ಅವನು ಎದ್ದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಶನಿವಾರ

ನಾಲ್ಕು ದಿನದಲ್ಲಿ ಜಾಸ್ತಿ ರಶ್ ಶನಿವಾರ. ಹಾರ್ಬರ್ ಡ್ರೈವ್ ದಾಟಿ ಟ್ರಾಲಿ ಹಳಿ ದಾಟಲೇ ಹೊತ್ತು ಬೇಕು. ರೈಲು ಬಂದಾಗ ಗೇಟು ಬೀಳುತ್ತದೆ, ಗೂಡ್ಸ್ ಗಾಡಿ ಬಂದರಂತೂ ಮುಗಿಯಿತು. ಪೆಟ್ಕೋ ಪಾರ್ಕ್ ಸ್ಟೇಡಿಯಂ ಕಡೆ ಕಾಲುಸೇತುವೆ ಇದೆ. ಸ್ವಲ್ಪ ಸುತ್ತು, ಆದರೆ ನಿಲ್ಲುವುದು ತಪ್ಪುತ್ತದೆ.

ವೇಷ ಹಾಕಿದವರು ಈ ದಿನ ಎಲ್ಲಿ ನೋಡಿದರಲ್ಲಿ. ಕತ್ತಿ, ಗದೆ, ಬಂದೂಕು ಹಿಡಿದವರು ಮೊದಲು ಅದನ್ನು ತಪಾಸಣೆ ಮೇಜಿನಲ್ಲಿ ತೋರಿಸಿ ಗುರುತಿನ ಪಟ್ಟಿ ಕಟ್ಟಿಸಿಕೊಳ್ಳಬೇಕು. ನಿಜವಾದ ಆಯುಧ ಬಿಡುವುದಿಲ್ಲ. ಸೆಲ್ಫಿ ಸ್ಟಿಕ್ಕಿಗೂ ಜಾಗವಿಲ್ಲ. ಫೋಟೋ ಬೇಕಾದರೆ ಬಾಯಿಬಿಟ್ಟು ಕೇಳಿ. ಊಟ ಮಾಡುತ್ತಿರುವವರನ್ನು, ಶೌಚಾಲಯದ ಕಡೆ ಓಡುತ್ತಿರುವವರನ್ನು ಬಿಟ್ಟುಬಿಡಿ. ಅವರು ಒಪ್ಪಿದರೆ ದಾರಿಯಿಂದ ಪಕ್ಕಕ್ಕೆ ಬಂದು ತೆಗೆಯಿರಿ. ಮೈ ಮುಟ್ಟುವುದು, ರೆಕ್ಕೆ ಎಳೆದು ನೋಡುವುದು ಬೇಡ. ವೇಷ ಹಾಕಿದ ಮಾತ್ರಕ್ಕೆ ಯಾರೂ ಪ್ರದರ್ಶನದ ವಸ್ತು ಆಗುವುದಿಲ್ಲ.

ಮೇಲಿನ ಮಹಡಿಯ ಕಾರಿಡಾರಿನಲ್ಲಿ ಒಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಕೊಂಬಿನ ಕಿರೀಟ ತೊಡೆಯ ಮೇಲೆ. ಎಡಗೊಂಬು ಮುರಿದಿತ್ತು. ಮುರಿದ ಕಡೆ ನೋಡಿದರೆ ಒಳಗೆಲ್ಲ ಚಪ್ಪಲಿಗೆ ಹಾಕುವಂಥ ಸ್ಪಂಜು, ಮೇಲೆ ಕಂಚಿನ ಬಣ್ಣ. ಅವಳ ಗೆಳತಿ ಗೋಡೆಯ ಪ್ಲಗ್ಗಿಗೆ ಗ್ಲೂ ಗನ್ ಸಿಕ್ಕಿಸಿ ಬಿಸಿಯಾಗಲು ಕಾಯುತ್ತಿದ್ದಳು. ಅಂಟು ಹಚ್ಚಿ ಕೊಂಬನ್ನು ಒತ್ತಿ ಹಿಡಿದರು, ಆದರೆ ಕಿರೀಟ ಜಾರುತ್ತಿತ್ತು. ನೋಡುತ್ತಾ ನಿಂತಿದ್ದ ನನಗೆ, "ಸ್ವಲ್ಪ ಹಿಡ್ಕೊಳ್ತೀರಾ?" ಅಂದಳು. ಹಿಡಿದುಕೊಂಡೆ. ಆಚೀಚೆ ಹೋಗುವವರು ನನ್ನ ಫೋಟೋವನ್ನೂ ತೆಗೆದುಕೊಂಡು ಹೋದರು. ಅಂಟು ಆರಿದ ಮೇಲೆ ಅವಳು ಪುಟ್ಟ ಡಬ್ಬಿಯಿಂದ ಕಂಚಿನ ಬಣ್ಣ ತೆಗೆದು ಬೆರಳಲ್ಲೇ ಜೋಡಿನ ಮೇಲೆ ಸವರಿದಳು. ಜೋಡು ಕಾಣದಂತಾಯಿತು. ಆ ರಾತ್ರಿ ಮಾಸ್ಕರೇಡ್‌ಗೆ, ಅಂದರೆ ವೇಷಗಳ ಸ್ಪರ್ಧೆಗೆ, ಹೋಗುತ್ತಿದ್ದಾಳಂತೆ. ಅದು ನಡೆಯುವುದು ಬಾಲ್‌ರೂಮ್ 20ರಲ್ಲಿ. ಅಲ್ಲಿ ಜಾಗ ಸಿಗದಿದ್ದರೂ ಸೇಲ್ಸ್ ಪೆವಿಲಿಯನ್‌ನಲ್ಲಿ ದೊಡ್ಡ ಪರದೆ ಮೇಲೆ ತೋರಿಸುತ್ತಾರೆ. ನಾನು ಅಲ್ಲೇ ಕಾಲು ಚಾಚಿ ಕೂತು ನೋಡಿದೆ.

ಅಳಿಯ ಸಂಜೆ ಬಂದು ಸೇರಿದ. ಕಣ್ಣು ಕೆಂಪು, ಗಂಟಲು ಕಟ್ಟಿತ್ತು. ಪರದೆ ಮೇಲೆ ತೋರಿಸಿದ ತುಣುಕುಗಳನ್ನು ಚಿತ್ರೀಕರಿಸುವ ಹಾಗಿಲ್ಲವಾದ್ದರಿಂದ ಎಲ್ಲವನ್ನೂ ಕೈಬಾಯಿ ಆಡಿಸಿ ಹೇಳಿದ. ದೀಪ ಆರಿದಾಗ ಅಷ್ಟೂ ಜನ ಒಟ್ಟಿಗೆ ಕೂಗಿದರಂತೆ, ನೆಲ ನಡುಗಿತಂತೆ. "ನಾಳೆ ಯೂಟ್ಯೂಬಲ್ಲಿ ಬರಲ್ವಾ ಅದು?" ಅಂತ ಕೇಳಿದೆ.

"ಕೂಗು ಬರಲ್ಲ ಮಾಮ."

ಒಪ್ಪಬೇಕಾದ ಮಾತು. ಆದರೂ ಮೊದಲ ಸಲ ಬರುವವರಿಗೆ ನನ್ನ ಸಲಹೆ ಬದಲಾಗುವುದಿಲ್ಲ. ದೊಡ್ಡ ಕ್ಯೂ ಬೇಕೇ ಬೇಕು ಅಂದರೆ ಒಂದೇ ಒಂದು ಆರಿಸಿಕೊಳ್ಳಿ, ಅದಕ್ಕೆ ಒಂದು ದಿನ ಹೋಯಿತು ಅಂತ ಬರೆದಿಡಿ. ಉಳಿದ ದಿನಗಳಲ್ಲಿ ಸಾಲು ಇಲ್ಲದ ಬಾಗಿಲು ಕಂಡರೆ ಒಳಗೆ ಹೋಗಿ.

ಭಾನುವಾರ

ಭಾನುವಾರ ಮಕ್ಕಳ ದಿನ. ತಳ್ಳುಗಾಡಿಯಲ್ಲಿ ಕೂಸುಗಳು, ಅಪ್ಪಂದಿರ ಹೆಗಲ ಮೇಲೆ ಪುಟಾಣಿ ಬ್ಯಾಟ್‌ಮ್ಯಾನ್‌ಗಳು. ಎಕ್ಸಿಬಿಟ್ ಹಾಲ್ ಸಂಜೆ ಐದಕ್ಕೇ ಮುಚ್ಚುತ್ತದೆ. ಹಳೇ ಪುಸ್ತಕದವರು ಮೂರರ ನಂತರ ರೇಟು ಇಳಿಸಲು ಶುರು ಮಾಡಿದರು. ಹೊತ್ತು ಒಯ್ಯುವುದಕ್ಕಿಂತ ಮಾರಿದರೆ ಸಾಕು ಅನ್ನುವ ಲೆಕ್ಕ. ಚೌಕಾಸಿ ನಮಗೆ ಹೇಳಿಕೊಡಬೇಕಾ? ಆದರೆ ಆರ್ಟಿಸ್ಟ್ಸ್ ಆಲಿಯಲ್ಲಿ ಚೌಕಾಸಿ ಬೇಡ, ಅವರು ಕೈಯಾರೆ ಬರೆದದ್ದು. ಪುಸ್ತಕ ಭಾರವಾದರೆ ಸೆಂಟರಿನ ಒಳಗೇ ಕೊರಿಯರ್ ಕೌಂಟರ್ ಇದೆ. ಅಲ್ಲಿಯೂ ಕ್ಯೂ, ಹೇಳಬೇಕಾಗಿಲ್ಲ.

ಕೊನೆಯ ದಿನ ಮಧ್ಯಾಹ್ನ ಮೇಲೆ ಒಂದು ಕೋಣೆಯಲ್ಲಿ "ಟಾಕ್ ಬ್ಯಾಕ್" ಅಂತ ನಡೆಯುತ್ತದೆ. ಕಾನ್ ನಡೆಸುವ ಸಂಸ್ಥೆ ಲಾಭಕ್ಕಾಗಿ ಇರುವುದಲ್ಲ. ಅದರ ಮುಖ್ಯಸ್ಥರು ಮೇಜಿನ ಹಿಂದೆ ಕೂತು ಬಂದವರ ದೂರು ಕೇಳುತ್ತಾರೆ. ನನಗೆ ಇದರಷ್ಟು ಹಿಡಿಸಿದ ಕಾರ್ಯಕ್ರಮ ಇನ್ನೊಂದಿಲ್ಲ. ಗಾಲಿಕುರ್ಚಿಯ ದಾರಿಯಲ್ಲಿ ವೈರು ಹಾಸಿದ್ದಾರೆ ಅಂತ ಒಬ್ಬರು. ಒಂದು ಕೋಣೆಯ ಸಾಲು ಎಲ್ಲಿ ಮುಗಿಯುತ್ತದೆ ಅಂತ ಕಾವಲಿನವರಿಗೇ ಗೊತ್ತಿರಲಿಲ್ಲ ಅಂತ ಇನ್ನೊಬ್ಬರು. ವಾದ ಮಾಡದೆ ಬರೆದುಕೊಳ್ಳುತ್ತಿದ್ದರು. ಮೈಕಿನ ಮುಂದೆ ಸಾಲು ಬೆಳೆಯುತ್ತಿತ್ತು. ಅಳಿಯ ಎದ್ದು ಹೋಗಿ ನಿಂತ. ಹುಲ್ಲಿನ ಮೇಲೆ ಇನ್ನಷ್ಟು ಸಂಚಾರಿ ಶೌಚಾಲಯ ಬೇಕು ಅಂತ ಕೇಳಿದ. ಚಪ್ಪಾಳೆ ಬಿತ್ತು.

ಐದು ಗಂಟೆಗೆ ಮುಚ್ಚುವ ಘೋಷಣೆ ಆಯಿತು. ಎಲ್ಲರೂ ಒಟ್ಟಿಗೆ ಟ್ರಾಲಿಗೆ ನುಗ್ಗುತ್ತಾರೆ, ಹಾಗಾಗಿ ನಾವು ಸಾಂಟಾ ಫೆ ಡಿಪೋ ತನಕ ನಡೆದೇ ಹೋದೆವು. ಒಂದು ಮೈಲಿ ಚಿಲ್ಲರೆ. ವಾರ ಕಳೆದ ಮೇಲೆ ಅರ್ಧ ಜನಕ್ಕೆ ಕೆಮ್ಮು ನೆಗಡಿ ಬರುತ್ತದೆ, ಅದಕ್ಕೆ ಕಾನ್ ಕ್ರಡ್ ಅಂತ ಹೆಸರೇ ಇದೆ. ಮುಂದಿನ ಸೋಮವಾರ, ಮಂಗಳವಾರ ರಜೆ ಹಾಕಿಕೊಂಡಿರಿ.

ಈ ವರ್ಷ ಬ್ಯಾಡ್ಜ್ ಕೊಂಡವರಿಗೆ ಮುಂದಿನ ವರ್ಷದ್ದು ಕೊಳ್ಳಲು ರಿಟರ್ನಿಂಗ್ ರಿಜಿಸ್ಟ್ರೇಶನ್ ಅಂತ ಇನ್ನೊಂದು ಅವಕಾಶ ಇದೆ, ಹೊಸಬರ ಮಾರಾಟಕ್ಕಿಂತ ಮೊದಲೇ. ರೈಲಿನಲ್ಲಿ ಅಳಿಯ ಆಗಲೇ ಲೆಕ್ಕ ಹಾಕುತ್ತಿದ್ದ. ಅವನಿಗೆ ಶುಕ್ರವಾರ, ಶನಿವಾರ ಎರಡೇ ಸಾಕಂತೆ, ಸಾಲಿನ ಗುಂಪೆಲ್ಲ ಮತ್ತೆ ಬರುವುದಾಗಿ ಮಾತಾಡಿಕೊಂಡಿದ್ದಾರೆ. ನನಗೆ ಗುರುವಾರ, ಭಾನುವಾರ ಸಾಕು ಅಂದೆ. ದಿನಕ್ಕೊಂದು ಬ್ಯಾಡ್ಜ್ ಬೇರೆ ಬೇರೆ ಕೊಳ್ಳಬಹುದು, ಯಾರಿಗೂ ನಷ್ಟ ಇಲ್ಲ. "ಶುಕ್ರವಾರ ಚಪಾತಿ ಯಾರು ತರ್ತಾರೆ ಮತ್ತೆ?" ಅಂದ ಅವನು.